ಬೀರೂರು ಗಾಡಿ ಹೋದ ಮೇಲೆ

ಹೊಸ ಪೈಸೆ ಚಲಾವಣೆಗೆ ಬಂದ ಏಪ್ರಿಲ್ ತಿಂಗಳಲ್ಲೇ ಶಿವಮೊಗ್ಗದ ರೈಲ್ವೆ ಸ್ಟೇಷನ್ನಿಗೆ ಹೊಸ ವೇಳಾಪಟ್ಟಿಯೂ ಬಂತು. ಊರಿನ ಜನ ಆಣೆಗೆ ಎಷ್ಟು ಪೈಸೆ ಎಂಬ ಜಗಳದಲ್ಲಿ ಮುಳುಗಿದ್ದರಿಂದ ವೇಳಾಪಟ್ಟಿಯ ಕಡೆಗೆ ಯಾರ ಗಮನವೂ ಹೋಗಲಿಲ್ಲ. ಅಲ್ಲಿಯವರೆಗೆ ತಾಳಗುಪ್ಪದ ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಬಂದವರು ಇಳಿದು, ನಲ್ಲಿಯಲ್ಲಿ ಮುಖ ತೊಳೆದು, ತಮಗಾಗಿಯೇ ಕಾದು ನಿಂತಿದ್ದ ಬೀರೂರು ಗಾಡಿಯನ್ನು ಹತ್ತಿ ಭದ್ರಾವತಿಗೋ ತರೀಕೆರೆಗೋ ಹೋಗುತ್ತಿದ್ದರು. ಹೊಸ ಪಟ್ಟಿಯಲ್ಲಿ ಬೀರೂರು ಗಾಡಿಯನ್ನು ಅರ್ಧ ಗಂಟೆ ಮುಂಚೆ ಹೊರಡಿಸಿದ್ದರು. ಬೀರೂರಿನಲ್ಲಿ ಬೆಂಗಳೂರಿನ ಮೇಲ್ ಗಾಡಿ ಸಿಗಲಿ ಎಂದು ಹಾಗೆ ಮಾಡಿದ್ದಂತೆ. ತಾಳಗುಪ್ಪದ ಗಾಡಿಯನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಅದು ತನ್ನ ಹಳೆಯ ಹೊತ್ತಿಗೇ ನಿಧಾನವಾಗಿ ಬರುತ್ತಿತ್ತು. ಸಾಗರ, ಆನಂದಪುರ, ಕುಂಸಿಯ ಕಡೆಯಿಂದ ಬಂದವರು ಕೆಳಗಿಳಿಯುವಷ್ಟರಲ್ಲಿ ಬೀರೂರು ಗಾಡಿ ತುಂಗೆಯ ಸೇತುವೆ ದಾಟಿರುತ್ತಿತ್ತು. ಮುಂದಿನ ಗಾಡಿ ಇದ್ದದ್ದು ಮಧ್ಯಾಹ್ನದ ಮೇಲೆ. ಬಸ್ಸು ಇತ್ತು, ಆದರೆ ಕೊನೆಯ ಊರಿನವರೆಗೂ ರೈಲಿನ ಟಿಕೆಟ್ಟು ತೆಗೆದುಕೊಂಡು ಬಂದವರು ಮತ್ತೆ ಬಸ್ಸಿಗೆ ಏಕೆ ಕೊಡುತ್ತಾರೆ? ಅವರು ಕಾಯುತ್ತಿದ್ದರು.

ಸ್ಟೇಷನ್ನಿನ ಹೊರಗೆ, ಗೂಡ್ಸ್ ಶೆಡ್ಡಿನ ಗೋಡೆಯ ಹತ್ತಿರ ಒಂದು ಹೆಂಚಿನ ಮನೆಯಿತ್ತು. ಅದರಲ್ಲಿ ಶಂಕರಮ್ಮ ಒಬ್ಬಳೇ ಇದ್ದಳು. ಅವಳ ಗಂಡ ಷಡಕ್ಷರಪ್ಪ ಅಕ್ಕಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವನು, ಕಾಮಾಲೆಯಾಗಿ ಕೆಲವು ವರ್ಷಗಳ ಹಿಂದೆ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಹೊನ್ನಾಳಿಯ ಕಡೆ ಗೇಣಿಗೆ ಕೊಟ್ಟಿದ್ದ ಗದ್ದೆಯಿಂದ ವರ್ಷಕ್ಕೊಮ್ಮೆ ಭತ್ತ ಬರುತ್ತಿತ್ತು. ಅಣ್ಣ ದೀಪಾವಳಿಗೆ ಕರೆದು ಸೀರೆ ಉಡಿಸಿ ಕಳಿಸುತ್ತಿದ್ದ. ಊಟಕ್ಕೆ, ಬಟ್ಟೆಗೆ ಕಷ್ಟವಿರಲಿಲ್ಲ. ಆದರೆ ಅವಳಿಗೆ ನಲವತ್ತು ದಾಟಿರಲಿಲ್ಲ, ದಿನ ಉದ್ದವಾಗಿರುತ್ತಿತ್ತು. ಬೆಳಗ್ಗೆ ಸೊಪ್ಪಿನವಳು ಬಂದರೆ ಬೇಡದ ಸೊಪ್ಪಿಗೂ ಚೌಕಾಸಿ ಮಾಡುತ್ತಿದ್ದಳು. ಸೊಪ್ಪಿನವಳು ಹೋದ ಮೇಲೆ ಸಂಜೆ ಎದುರುಮನೆಯ ಜಲಜಮ್ಮ ನೀರಿಗೆ ಬರುವವರೆಗೆ ಮಾತಾಡಲು ಯಾರೂ ಇರುತ್ತಿರಲಿಲ್ಲ. ಕೆಲವು ದಿನ ಜಲಜಮ್ಮನೊಂದಿಗೆ ಮಾತು ತೆಗೆದಾಗ ತನ್ನ ದನಿಯೇ ಕಟ್ಟಿಕೊಂಡಿರುವುದು ಅವಳಿಗೆ ಗೊತ್ತಾಗುತ್ತಿತ್ತು.

ಹೊಸ ವೇಳಾಪಟ್ಟಿ ಬಂದ ಮೊದಲ ವಾರವೇ ಒಬ್ಬಳು ಬಾಣಂತಿ ಕೂಸನ್ನೆತ್ತಿಕೊಂಡು ಬಂದು ಬಿಸಿನೀರು ಕೇಳಿದಳು. ಶಂಕರಮ್ಮ ನೀರು ಕಾಯಿಸಿಕೊಟ್ಟಳು, ಮಗುವನ್ನು ಮಲಗಿಸಲು ಚಾಪೆ ಹಾಸಿದಳು. ಬಾಣಂತಿಯ ಮಾವ ಜಗಲಿಯ ಮೇಲೆ ಕೂತ. ಮರುದಿನ ಮತ್ತಿಬ್ಬರು ಬಂದರು. ಸ್ಟೇಷನ್ನಿನ ಪೋರ್ಟರ್ ಹುಲಿಯಪ್ಪನಿಗೆ ಬಯ್ಯಿಸಿಕೊಂಡು ಸಾಕಾಗಿತ್ತು. ಗಾಡಿ ತಪ್ಪಿದವರೆಲ್ಲ ಅವನ ಮೇಲೆ ರೇಗುತ್ತಿದ್ದರು. ಅವನು ಕೈತೋರಿಸಿ, "ಅಲ್ಲಿ ಆ ಅಮ್ಮನ ಜಗಲಿ ಮೇಲೆ ಕೂತ್ಕೊಳಿ, ನೆರಳೈತೆ" ಎಂದು ಕಳಿಸತೊಡಗಿದ. ಶಂಕರಮ್ಮ ಮೊದಲು ಮಜ್ಜಿಗೆ ಕೊಟ್ಟಳು. ಹಸಿದವರ ಮುಖ ನೋಡಿ ರೊಟ್ಟಿ ತಟ್ಟಿದಳು. ಕೆಲವರು ದುಡ್ಡು ಕೊಟ್ಟರು, ಕೆಲವರು ಹೊತ್ತು ತಂದಿದ್ದ ಹಲಸಿನಕಾಯಿಯನ್ನೋ ಸೌತೆಕಾಯಿಯನ್ನೋ ಇಟ್ಟು ಹೋದರು. ಮಳೆಗಾಲ ಬರುವ ಹೊತ್ತಿಗೆ ಅವಳು ದಿನವೂ ಬೆಳಗ್ಗೆ ಎದ್ದು ಅಕ್ಕಿ ಹಿಟ್ಟು ಬೇಯಿಸಿ, ಚಟ್ನಿ ಅರೆದು, ತಾಳಗುಪ್ಪದ ಗಾಡಿಯ ಶಿಳ್ಳೆಗೆ ಕಿವಿಗೊಟ್ಟು ಕೂರುತ್ತಿದ್ದಳು.

ರಾಮಚಂದ್ರಪ್ಪ ಬಂದದ್ದು ಮೊದಲ ತಿಂಗಳಲ್ಲೇ, ಒಂದು ಗುರುವಾರ. ಆನಂದಪುರದವನು. ಬಿದಿರು ಕಂಟ್ರಾಕ್ಟರೊಬ್ಬನ ಗುಮಾಸ್ತ. ಕಾಡಿನಲ್ಲಿ ಕಡಿದ ಬಿದಿರಿನ ತೂಕದ ಚೀಟಿಗಳನ್ನು ವಾರಕ್ಕೊಮ್ಮೆ ಭದ್ರಾವತಿಯ ಕಾಗದದ ಕಾರ್ಖಾನೆಗೆ ಮುಟ್ಟಿಸುವುದು ಅವನ ಕೆಲಸ. ಎತ್ತರದ ಆಳು, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಬಂದವನೇ ಚೀಲವನ್ನು ಜಗಲಿಯ ಮೇಲೆ ಕುಕ್ಕಿದ.

"ಅರ್ಧ ಗಂಟೆ ಕಾದಿದ್ರೆ ಅವರ ಗಂಟು ಎಂತ ಹೋಗ್ತಿತ್ತು? ಕಾಗದ ತಗೊಂಡು ಬಂದಿದ್ದೀನಿ, ಇವತ್ತೇ ಅರ್ಜಿ ಬರೀತೀನಿ" ಎಂದ.

ಅಲ್ಲೇ ಕೂತು ಬರೆದ. ಬರೆದದ್ದನ್ನು ಜಗಲಿಯಲ್ಲಿದ್ದವರಿಗೆಲ್ಲ ಗಟ್ಟಿಯಾಗಿ ಓದಿದ. ತಾಳಗುಪ್ಪದ ಕಡೆಯಿಂದ ಬರುವ ಹೆಂಗಸರು, ಮಕ್ಕಳು, ರೋಗಿಗಳು ಪಡುತ್ತಿರುವ ಪಾಡನ್ನು ಸಾಹೇಬರು ದಯವಿಟ್ಟು ಮನಸ್ಸಿಗೆ ತಂದುಕೊಳ್ಳಬೇಕು ಎಂದು ಅದರಲ್ಲಿತ್ತು. ಓದು ಬಲ್ಲವರು ರುಜು ಹಾಕಿದರು, ಉಳಿದವರು ಹೆಬ್ಬೆಟ್ಟು ಒತ್ತಿದರು. ಕೊನೆಗೆ ಅವನು ಒಳಬಾಗಿಲಲ್ಲಿ ನಿಂತಿದ್ದ ಶಂಕರಮ್ಮನ ಕಡೆಗೆ ಅರ್ಜಿಯ ಕಾಗದ ಚಾಚಿದ.

"ನೀವೂ ಹಾಕಿ ಅಮ್ಮಾ."

"ನಾನೆಲ್ಲೂ ಹೋಗೋಳಲ್ಲವಲ್ಲ. ನನ್ನದ್ಯಾಕೆ?"

"ನಿಮ್ಮ ಜಗಲಿ ಸವೀತಿದೆ. ಅದಕ್ಕೆ."

ಅವಳಿಗೆ ನಗು ಬಂತು. ಗಂಡ ಸತ್ತ ಮೇಲೆ ಗದ್ದೆಯ ಪತ್ರಕ್ಕೆ ಹಾಕಿದ್ದ ರುಜುವೇ ಕೊನೆ. ಸೆರಗಿಗೆ ಕೈ ಒರೆಸಿಕೊಂಡು, ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ತನ್ನ ಹೆಸರು ಬರೆದಳು.

ಅರ್ಜಿ ಮೇಲಕ್ಕೆ ಹೋಯಿತು. ಉತ್ತರ ಬರಲಿಲ್ಲ. ಗುರುವಾರಗಳು ಬಂದವು.

ರಾಮಚಂದ್ರಪ್ಪ ಪ್ರತಿ ಗುರುವಾರ ಇಳಿದು, ಚೀಲವನ್ನು ಗೋಡೆಗೊರಗಿಸಿ, ಜಗಲಿಯ ಮೂಲೆಯಲ್ಲಿ ಕೂರುತ್ತಿದ್ದ. ಉಂಡ ಎಲೆಯನ್ನು ತಾನೇ ಎತ್ತಿ, ಕೂತ ಜಾಗಕ್ಕೆ ನೀರು ಚಿಮುಕಿಸಿ ಒರೆಸುತ್ತಿದ್ದ. ಒಂದು ದಿನ ಜೋರು ಮಳೆಯಲ್ಲಿ ಜಗಲಿಗೆಲ್ಲ ಇರಚಲು ಹೊಡೆದಾಗ ಶಂಕರಮ್ಮ, "ಒಳಗೆ ಬನ್ನಿ ಗುಮಾಸ್ತರೇ" ಎಂದಳು.

ಅವನು ಎದ್ದು ನಿಂತ, ಕಾಲು ಮುಂದಿಡಲಿಲ್ಲ. "ನಾವು ದೀವರು ಅಮ್ಮಾ. ನಿಮ್ಮ ಪೈಕಿ ಅಲ್ಲ" ಎಂದ.

"ಮಳೆ ಅದನ್ನೆಲ್ಲ ಕೇಳ್ಕೊಂಡು ಬರ್ತದಾ? ಬನ್ನಿ."

ಅಂದಿನಿಂದ ಅವನು ಪಡಸಾಲೆಯಲ್ಲಿ ಕೂರತೊಡಗಿದ. ಅವನೊಬ್ಬನೇ ಅಲ್ಲ, ಮಳೆ ಬಂದ ದಿನ ಎಲ್ಲರೂ ಒಳಗೇ ಕೂರುತ್ತಿದ್ದರು. ಉಳಿದವರು ಉಂಡು ಮಲಗುತ್ತಿದ್ದರು, ಇಲ್ಲವೇ ಪೇಟೆ ನೋಡಲು ಹೋಗುತ್ತಿದ್ದರು. ಅವನು ಹೋಗುತ್ತಿರಲಿಲ್ಲ. ಅವಳು ಅಡುಗೆಮನೆಯ ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತ ಕೂತರೆ ಅವನು ಪೇಪರು ಓದಿ ಹೇಳುತ್ತಿದ್ದ. ಬಾವಿಯ ರಾಟೆ ಕಿರುಗುಟ್ಟುತ್ತಿದ್ದುದನ್ನು ಕೇಳಿ ಒಂದು ವಾರ ಎಣ್ಣೆ ಬಿಟ್ಟ, ಇನ್ನೊಂದು ವಾರ ಅದರ ಗೂಟವನ್ನೇ ಬದಲಾಯಿಸಿದ. ಕೂಪಿನ ಸುದ್ದಿ ಹೇಳುತ್ತಿದ್ದ. ಕಾಡಿನಲ್ಲಿ ಬಿದಿರು ಕಡಿಯಲು ಗುರುತು ಮಾಡಿದ ಜಾಗಕ್ಕೆ ಕೂಪು ಎನ್ನುತ್ತಾರೆಂದು ಅವಳಿಗೆ ಗೊತ್ತಾದದ್ದು ಅವನಿಂದಲೇ. ಭದ್ರಾವತಿಯ ಸುದ್ದಿಯನ್ನೂ ಹೇಳುತ್ತಿದ್ದ. ಕಾರ್ಖಾನೆಯ ಚಿಮಣಿಗಳು, ಕಬ್ಬಿಣ ಕರಗುವಾಗ ಆಕಾಶಕ್ಕೆ ಬೀಳುವ ಕೆಂಪು, ಕಾಗದದ ಮಿಲ್ಲಿನ ಹತ್ತಿರ ಬರುವ ಹುಳಿ ವಾಸನೆ, ಗೇಟಿನ ಬಳಿ ಇಡ್ಲಿ ಮಾರುವ ತಮಿಳು ಮುದುಕಿ ಎಲ್ಲರನ್ನೂ ತಂಬಿ ಎಂದು ಕರೆಯುವುದು.

"ಅಷ್ಟು ಹತ್ರ ಇದೆ, ನೀವು ನೋಡೇ ಇಲ್ವಾ?" ಎಂದು ಒಮ್ಮೆ ಕೇಳಿದ.

"ಯಾರಿದ್ದಾರೆ ಅಲ್ಲಿ, ನಾನು ಹೋಗೋಕೆ?"

ಅವನ ಹೆಂಡತಿ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಕೂಸೂ ಉಳಿದಿರಲಿಲ್ಲ. ಅದನ್ನು ಅವನು ಹೇಳಿದ್ದು ಒಂದೇ ಸಲ, ಅದೂ ಬೇರೆ ಯಾವುದೋ ಮಾತಿನ ನಡುವೆ. ಅಣ್ಣನ ಮನೆಯಲ್ಲಿ ಇದ್ದ. ಅತ್ತಿಗೆ ಒಳ್ಳೆಯವಳು, ಊಟಕ್ಕೆ ಕಾಯಿಸುವುದಿಲ್ಲ ಎಂದ. ಶಂಕರಮ್ಮನಿಗೆ ಆ ಮಾತಿನ ಹಿಂದೆ ಇದ್ದದ್ದು ಅರ್ಥವಾಯಿತು. ಅವಳಿಗೂ ಊಟಕ್ಕೆ ಎಂದೂ ಕಾಯಬೇಕಾಗಿ ಬಂದಿರಲಿಲ್ಲ.

ಒಂದು ಸಲ ಅವಳು ಒಲೆಯ ಮೇಲಿನ ಕಾವಲಿಯನ್ನು ಬರಿಗೈಯಲ್ಲಿ ಮುಟ್ಟಿ ಸುಟ್ಟುಕೊಂಡಾಗ ಅವನು, "ನೋಡ್ಕೊಂಡು ಮಾಡಬಾರದಾ ಮಾರಾಯ್ತಿ" ಎಂದುಬಿಟ್ಟ. ಅಮ್ಮಾ ಎಂದು ಕರೆಯುತ್ತಿದ್ದವನು. ಇಬ್ಬರೂ ಅದನ್ನು ಕೇಳಿಸಿಕೊಳ್ಳದವರಂತೆ ಇದ್ದರು. ಆ ರಾತ್ರಿ ಕೈಗೆ ಜೇನು ಸವರಿಕೊಂಡು ಮಲಗಿದವಳಿಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ, ಉರಿಯೂ ಅಷ್ಟೇನೂ ಇರಲಿಲ್ಲ.

ಹೀಗೆ ಒಂದು ವರ್ಷ ಕಳೆದು ಇನ್ನೂ ಅರ್ಧ ವರ್ಷವಾಯಿತು. ಬೀರೂರು ಗಾಡಿ ಹೋದ ಮೇಲಿನ ಹೊತ್ತು ಶಂಕರಮ್ಮನ ದಿನದಲ್ಲಿ ನೆಲೆಯಾಗಿ ಕೂತಿತ್ತು. ಜನ ಬರುತ್ತಾರೆ, ಬಯ್ಯುತ್ತಾರೆ, ಉಣ್ಣುತ್ತಾರೆ, ಮಧ್ಯಾಹ್ನದ ಗಾಡಿಗೆ ಹೋಗುತ್ತಾರೆ. ಗುರುವಾರ ಅವನು ಬರುತ್ತಾನೆ. ಇದು ಯಾರೋ ಎಲ್ಲೋ ಕೂತು ಮಾಡಿದ ತಪ್ಪಿನಿಂದ ಆದದ್ದು, ಅದನ್ನು ಸರಿಪಡಿಸಲೂ ಬಹುದು ಎಂಬುದು ಅವಳಿಗೆ ಮರೆತೇ ಹೋಗಿತ್ತು.

ಸೆಪ್ಟೆಂಬರ್ ಕೊನೆಯಲ್ಲಿ ಒಂದು ಮಧ್ಯಾಹ್ನ ಹುಲಿಯಪ್ಪ ನಗುತ್ತ ಬಂದು ಜಗಲಿಯ ಕಂಬ ಹಿಡಿದು ನಿಂತ.

"ಅಮ್ಮಾ, ನಿಮ್ಮ ಅರ್ಜಿ ಗೆದ್ದಿತು. ಬರೋ ತಿಂಗಳು ಒಂದನೇ ತಾರೀಖಿನಿಂದ ತಾಳಗುಪ್ಪದ ಗಾಡಿನ ಮುಂಚೆ ಬಿಡ್ತಾರಂತೆ. ಮೊದಲಿನ ಹಂಗೆ ಇಲ್ಲಿ ಇಳಿದು ಅಲ್ಲಿ ಹತ್ತೋದು. ಇನ್ನು ನನಗೆ ಬಯ್ಯೋರು ಇಲ್ಲ."

"ಒಳ್ಳೇದಾಯ್ತು ಬಿಡು" ಎಂದಳು ಶಂಕರಮ್ಮ. ಅವನಿಗೆ ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು. ಅವನು ಕುಡಿದು ಹೋದ ಮೇಲೆ ಒಳಗೆ ಹೋಗಿ, ಬೆಳಗ್ಗೆಗೆಂದು ನೆನೆಹಾಕಿದ್ದ ಕಾಳನ್ನು ಸುಮ್ಮನೆ ಕೈಯಲ್ಲಿ ತಿರುವುತ್ತ ಕೂತಳು.

ಗಾಡಿಯ ಹೊತ್ತು ಬದಲಾಗುವ ಮುಂಚಿನ ಕೊನೆಯ ಗುರುವಾರ ರಾಮಚಂದ್ರಪ್ಪನಿಗೂ ಸುದ್ದಿ ಗೊತ್ತಾಗಿತ್ತು. ಜಗಲಿಯ ತುಂಬ ಅದೇ ಮಾತು. ಎಲ್ಲರೂ ಅರ್ಜಿ ಬರೆದವನನ್ನು ಹೊಗಳಿದರು. ಅವನು ಹೂಂ, ಹೂಂ ಎನ್ನುತ್ತ ರೊಟ್ಟಿಯನ್ನು ಸಣ್ಣಗೆ ಮುರಿಯುತ್ತಿದ್ದ. ಹೊರಡುವಾಗ ಚೀಲ ಹೆಗಲಿಗೇರಿಸಿ, "ಉತ್ತರ ಬರಲ್ಲ ಅಂದ್ಕೊಂಡಿದ್ದೆ" ಎಂದಷ್ಟೇ ಹೇಳಿದ.

ಅಕ್ಟೋಬರಿನ ಮೊದಲ ಗುರುವಾರ ಶಂಕರಮ್ಮ ರೊಟ್ಟಿ ತಟ್ಟಲಿಲ್ಲ. ಆದರೆ ಜಗಲಿ ಗುಡಿಸಿ, ಕಂಬಕ್ಕೆ ಒರಗಿ ನಿಂತಳು. ಗೂಡ್ಸ್ ಶೆಡ್ಡಿನ ಪಕ್ಕದಿಂದ ಪ್ಲಾಟ್‌ಫಾರಂ ಸ್ವಲ್ಪ ಕಾಣುತ್ತಿತ್ತು. ತಾಳಗುಪ್ಪದ ಗಾಡಿ ಬಂತು. ಜನ ಗಂಟುಮೂಟೆ ಎತ್ತಿಕೊಂಡು ಹಳಿ ದಾಟಿ ಓಡಿದರು. ಅವರ ನಡುವೆ ಎತ್ತರದ ಒಬ್ಬ ನಿಂತು ಈ ಕಡೆ ನೋಡಿ ಕೈಯೆತ್ತಿದ. ಅವಳೂ ಎತ್ತಿದಳು. ಹಿಂದಿನವರು ಅವನನ್ನು ತಳ್ಳಿಕೊಂಡು ಹೋದರು. ಬೀರೂರು ಗಾಡಿ ಹೊರಟಿತು. ಅದು ಸೇತುವೆಯ ಮೇಲೆ ಹೋಗುವ ಸದ್ದು ನಿಂತ ಮೇಲೆ ಬೀದಿ ಎಷ್ಟು ಬೇಗ ಖಾಲಿಯಾಯಿತೆಂದರೆ, ಅವಳು ಒಳಗೆ ಹೋಗುವುದನ್ನೂ ಮರೆತು ನಿಂತೇ ಇದ್ದಳು.

ಎದುರುಮನೆಯ ಜಲಜಮ್ಮ ಹೇಳಿದಳು, "ಸದ್ಯ ನಿಂಗೆ ಪುರುಸೊತ್ತಾಯ್ತು ನೋಡು. ಹೊಗೆ ಕುಡಿದು ಕುಡಿದು ಕಣ್ಣೆಲ್ಲ ಕೆಂಪಾಗಿದ್ದವು."

"ಹೌದು" ಎಂದಳು ಶಂಕರಮ್ಮ.

ಪುರುಸೊತ್ತು ಮೊದಲಿನದಕ್ಕಿಂತ ದೊಡ್ಡದಾಗಿತ್ತು. ಮೊದಲು ಮನೆ ಖಾಲಿಯಿದ್ದಾಗ ಅದು ಹಾಗೆಯೇ ಇರುವುದೆಂದು ಒಪ್ಪಿಕೊಂಡಿದ್ದಳು. ಈಗ ಪಡಸಾಲೆಯಲ್ಲಿ ಎಲ್ಲಿ ಯಾರು ಕೂರುತ್ತಿದ್ದರೆಂದು ಗೊತ್ತಿತ್ತು. ಗುರುವಾರ ಹತ್ತಿರ ಬಂದಂತೆ ಏನೋ ಕೆಲಸ ಬಾಕಿಯಿದೆ ಅನ್ನಿಸುತ್ತಿತ್ತು. ಹುಡುಕಿದರೆ ಯಾವ ಕೆಲಸವೂ ಇರುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಗುರುವಾರ ಬೀರೂರು ಗಾಡಿ ಹೋದ ಸ್ವಲ್ಪ ಹೊತ್ತಿಗೆ ಜಗಲಿಯ ಮೇಲೆ ಚೀಲ ಇಟ್ಟ ಸದ್ದಾಯಿತು. ಶಂಕರಮ್ಮ ಹೊರಗೆ ಬಂದಳು. ರಾಮಚಂದ್ರಪ್ಪ ನಿಂತಿದ್ದ.

"ಗಾಡಿ ತಪ್ಪಿತಾ?" ಎಂದಳು.

"ಇಲ್ಲ. ಹತ್ತಲಿಲ್ಲ."

ಅವಳಿಗೆ ಆದದ್ದು ಸಂತೋಷವೇ ಇರಬೇಕು, ಆದರೆ ಅದರ ಬೆನ್ನಿಗೇ ಹೆದರಿಕೆಯೂ ಬಂತು. ಜಗಲಿಯಲ್ಲಿ ಬೇರೆ ಯಾರೂ ಇರಲಿಲ್ಲ. ಎದುರುಮನೆಯ ಅಂಗಳದಲ್ಲಿ ಜಲಜಮ್ಮ ಹಪ್ಪಳ ಒಣಹಾಕುತ್ತಿದ್ದವಳು ಕೈ ನಿಲ್ಲಿಸಿ ಇತ್ತ ನೋಡಿದಳು, ಮತ್ತೆ ತಲೆ ಬಗ್ಗಿಸಿದಳು.

"ಕೂತ್ಕೊಳಿ, ನೀರು ತರ್ತೀನಿ" ಎಂದು ಶಂಕರಮ್ಮ ಒಳಗೆ ಹೋದಳು. ಕೊಡದಿಂದ ನೀರು ಬಗ್ಗಿಸುವಾಗ ಲೋಟ ತುಂಬಿ ಚೆಲ್ಲಿತು. ತಂದುಕೊಟ್ಟಳು. ಅವನು ಕುಡಿದ. ಇಷ್ಟು ದಿನ ಮಾತು ತಾನಾಗಿ ಬರುತ್ತಿತ್ತು. ಗಾಡಿ ತಪ್ಪಿದವನು ಕೂತಿದ್ದಾನೆ, ಕೂತವನಿಗೆ ಊಟ ಹಾಕಿದ್ದಾಳೆ, ಊಟದ ನಡುವೆ ನಾಲ್ಕು ಮಾತು. ಅದಕ್ಕೆ ಯಾರೂ ಏನೂ ಹೇಳುವಂತಿರಲಿಲ್ಲ, ಅವರ ಮನಸ್ಸೂ ಅವರನ್ನು ಏನೂ ಕೇಳಿರಲಿಲ್ಲ. ಇವತ್ತು ಗಾಡಿ ಇತ್ತು. ಇದ್ದ ಗಾಡಿಯನ್ನು ಬಿಟ್ಟು ಅವನು ಬಂದಿದ್ದ.

"ಕೂಪಿನಲ್ಲಿ ಕೆಲಸ ಹೆಂಗೆ ನಡೀತಿದೆ?" ಎಂದು ಕೊನೆಗೆ ಕೇಳಿದಳು.

"ನಡೀತಿದೆ."

"ಅತ್ತಿಗೆ ಚೆನ್ನಾಗಿದಾರಾ?"

"ಚೆನ್ನಾಗಿದಾರೆ." ಅವನು ಲೋಟವನ್ನು ಕೆಳಗಿಟ್ಟ. "ಶಂಕರಮ್ಮ, ನಾನು ಇವತ್ತು ಯಾಕೆ ಬಂದೆ ಅಂದ್ರೆ..."

ಅವನ ಬಾಯಲ್ಲಿ ತನ್ನ ಹೆಸರು ಕೇಳಿದ್ದು ಅವಳಿಗೆ ಅದೇ ಮೊದಲು. ಮುಂದಿನ ಮಾತು ಬರುವುದಕ್ಕೆ ಅವಳು ಬಿಡಲಿಲ್ಲ.

"ಬಸ್ ಸ್ಟ್ಯಾಂಡಿನಿಂದ ಇನ್ನೊಂದು ಸ್ವಲ್ಪ ಹೊತ್ತಿಗೆ ಭದ್ರಾವತಿ ಬಸ್ಸು ಇರ್ತದೆ. ಈಗ ಹೊರಟ್ರೆ ಸಿಗ್ತದೆ. ನಿಮ್ಮ ಚೀಟಿ ಕೊಡೋದು ತಡ ಆಗಬಾರದು" ಎಂದಳು. ದನಿ ಅವಳು ಎಣಿಸಿದ್ದಕ್ಕಿಂತ ಗಟ್ಟಿಯಾಗಿ ಬಂತು. ಜಲಜಮ್ಮನಿಗೂ ಕೇಳಿರಬೇಕು.

ರಾಮಚಂದ್ರಪ್ಪ ಅವಳ ಮುಖ ನೋಡಿದ. ಅವನಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಎದ್ದು ಚೀಲವನ್ನು ಹೆಗಲಿಗೆ ಹಾಕಿಕೊಂಡ. "ಹೌದು, ತಡ ಆಗಬಾರದು" ಎಂದು ಮೆಟ್ಟಿಲಿಳಿದು ಹೋದ. ಬೀದಿಯ ತಿರುವಿನವರೆಗೆ ಹಿಂತಿರುಗಿ ನೋಡಲಿಲ್ಲ.

ಸಂಜೆ ನೀರಿಗೆ ಬಂದ ಜಲಜಮ್ಮ ಏನೂ ಕೇಳಲಿಲ್ಲ. ಅವಳು ಕೇಳಿದ್ದರೆ ಚೆನ್ನಾಗಿತ್ತು ಎಂದು ಶಂಕರಮ್ಮನಿಗೆ ಅನ್ನಿಸಿತು. ಕೇಳಿದ್ದರೆ ಏನಾದರೂ ಒಂದು ಉತ್ತರ ಹೇಳಬೇಕಾಗುತ್ತಿತ್ತು, ಹೇಳುತ್ತ ತನಗೂ ಒಂದಿಷ್ಟು ಗೊತ್ತಾಗುತ್ತಿತ್ತು.

ಮುಂದಿನ ಗುರುವಾರ ಅವಳು ಜಗಲಿಗೆ ಬರಲಿಲ್ಲ. ಅದರ ಮುಂದಿನ ಗುರುವಾರ ಬಂದಳು. ಎತ್ತರದ ಆಳು ತಲೆ ಬಗ್ಗಿಸಿಕೊಂಡು ಹಳಿ ದಾಟಿ ಹೋದದ್ದು ಕಾಣಿಸಿತು. ಈ ಕಡೆಗೆ ನೋಡಲಿಲ್ಲ. ಅವನನ್ನು ತಾನೇ ಕಳಿಸಿದ್ದಳು, ಈಗ ನೋಡಲಿಲ್ಲ ಎಂದು ನೊಂದುಕೊಳ್ಳುವುದಕ್ಕೂ ಅವಳಿಗೆ ಹಕ್ಕಿರಲಿಲ್ಲ. ಆ ಚಳಿಗಾಲವಿಡೀ ಅವಳು ಆ ಬೆಳಗನ್ನು ಮತ್ತೆ ಮತ್ತೆ ಮೊದಲಿನಿಂದ ನಡೆಸಿ ನೋಡಿದಳು. ಪ್ರತಿ ಸಲವೂ ಅವನು ಮಾತು ಮುಗಿಸುವವರೆಗೆ ತಾನು ಸುಮ್ಮನಿರುತ್ತಿದ್ದಳು. ಅವನು ಏನು ಹೇಳುತ್ತಿದ್ದ ಎಂಬುದು ಮಾತ್ರ ಪ್ರತಿ ಸಲವೂ ಬೇರೆಯಾಗುತ್ತಿತ್ತು.

ಸಂಕ್ರಾಂತಿ ಆದ ಮೇಲೆ ಒಂದು ಗುರುವಾರ ಅವಳು ಬೆಳಗ್ಗೆಯೇ ತಲೆಗೆ ಸ್ನಾನ ಮಾಡಿ, ಅಣ್ಣ ಕೊಟ್ಟಿದ್ದ ಇಳಕಲ್ ಸೀರೆ ಉಟ್ಟು, ಬಾಗಿಲಿಗೆ ಬೀಗ ಹಾಕಿ ಸ್ಟೇಷನ್ನಿಗೆ ಹೋದಳು. ಭದ್ರಾವತಿಗೆ ಟಿಕೆಟ್ಟು ತೆಗೆದುಕೊಂಡಳು. ಹುಲಿಯಪ್ಪ, "ಎಲ್ಲಿಗಮ್ಮಾ ಸವಾರಿ?" ಎಂದ. "ನೆಂಟರ ಮನೆಗೆ" ಎಂದಳು. ಇಷ್ಟು ವರ್ಷ ಗಾಡಿಯ ಸದ್ದಿನಲ್ಲೇ ಎದ್ದು ಮಲಗಿದ್ದರೂ ಆ ಪ್ಲಾಟ್‌ಫಾರಮ್ಮಿನಲ್ಲಿ ಅವಳು ನಿಂತದ್ದು ಅಪರೂಪ. ಅಣ್ಣನ ಊರಿಗೆ ಬಸ್ಸೇ ಇತ್ತು.

ತಾಳಗುಪ್ಪದ ಗಾಡಿ ಬಂದು ನಿಂತಿತು. ರಾಮಚಂದ್ರಪ್ಪ ಇಳಿದು ನಾಲ್ಕು ಹೆಜ್ಜೆ ಬಂದವನು ಅವಳನ್ನು ನೋಡಿ ನಿಂತ.

"ಭದ್ರಾವತಿಗೆ ಹೊರಟಿದ್ದೀನಿ" ಎಂದಳು. "ಯಾವ ಡಬ್ಬಿ ಅಂತ ಗೊತ್ತಾಗ್ತಿಲ್ಲ."

"ಹೆಂಗಸರ ಡಬ್ಬಿ ಮುಂದಿದೆ."

"ನೀವು ಯಾವುದಕ್ಕೆ ಹತ್ತೋದು?"

ಅವನು ಒಂದು ಕ್ಷಣ ತಡೆದು, "ಬನ್ನಿ" ಎಂದ.

ಡಬ್ಬಿ ತುಂಬಿತ್ತು. ಕೋಳಿ ಬುಟ್ಟಿ ಇಟ್ಟುಕೊಂಡ ಒಬ್ಬಳು ಸರಿದು ಶಂಕರಮ್ಮನಿಗೆ ಕಿಟಕಿಯ ಬಳಿ ಜಾಗ ಕೊಟ್ಟಳು. ರಾಮಚಂದ್ರಪ್ಪ ಎದುರಿನ ಬೆಂಚಿನ ತುದಿಯಲ್ಲಿ ಕೂತ. ಗಾಡಿ ಸೇತುವೆಯ ಮೇಲೆ ಬಂದಾಗ ಅವಳು ಕೆಳಗೆ ನೋಡಿದಳು. ತುಂಗೆ ಕಡಿಮೆಯಾಗಿ, ಬಂಡೆಗಳ ಮೇಲೆ ಬಟ್ಟೆ ಹರವಿದ್ದರು. ಆಚೆ ದಡ ದಾಟಿದ ಮೇಲೆ ಕೊಯ್ದ ಗದ್ದೆಗಳು, ಕಬ್ಬು, ಅಲ್ಲಲ್ಲಿ ಬಣವೆ. ಸುತ್ತ ಇಷ್ಟು ಜನರಿದ್ದುದರಿಂದಲೋ ಏನೋ, ಮಾತು ಮತ್ತೆ ಬಂತು. ಅವನು ಮಾಚೇನಹಳ್ಳಿಯ ಕಡೆ ಕೈತೋರಿಸಿ ಅಲ್ಲಿನ ದನದ ಜಾತ್ರೆಯಲ್ಲಿ ಅಣ್ಣ ಮೋಸ ಹೋದ ಕತೆ ಹೇಳಿದ. ಅವಳು ನಕ್ಕಳು. ಕೋಳಿ ಬುಟ್ಟಿಯವಳೂ ನಕ್ಕಳು.

ಆಮೇಲೆ ಅವನು ಹೇಳಿದ, "ನಂದು ಇನ್ನು ಒಂದೆರಡು ವಾರ ಅಷ್ಟೇ. ಕಂಟ್ರಾಕ್ಟರು ಲಾರಿ ತಗೊಂಡಿದಾರೆ. ಬಿದಿರಿನ ಜೊತೆ ಚೀಟಿನೂ ಡ್ರೈವರ್ ಕೈಯಲ್ಲೇ ಹೋಗ್ತದೆ. ನಂಗೆ ಇನ್ನು ಕೂಪಿನಲ್ಲೇ ಕೆಲಸ, ಸೊರಬದ ಕಡೆ."

ಅವಳು ಕಿಟಕಿಯ ಸರಳು ಹಿಡಿದುಕೊಂಡಳು. "ಹಂಗಾದ್ರೆ ಈ ಕಡೆ ಬರೋದೇ ಇಲ್ಲ."

"ಕೆಲಸ ಇಲ್ದೆ ಎಂತ ಹೇಳ್ಕೊಂಡು ಬರೋದು?"

ಅದು ಅವಳಿಗೇ ಕೇಳಿದ ಪ್ರಶ್ನೆ. ಅವನು ಉತ್ತರಕ್ಕೆ ಕಾದ, ಅದು ಅವಳಿಗೆ ಗೊತ್ತಾಯಿತು. ಸುಮ್ಮನೆ ಬನ್ನಿ ಎನ್ನಬಹುದಿತ್ತು. ಊಟಕ್ಕೆ ಬನ್ನಿ ಎನ್ನಬಹುದಿತ್ತು. ಅವಳಿಗೆ ಜಲಜಮ್ಮನ ಅಂಗಳ ಕಂಡಿತು, ಅಣ್ಣನ ಮುಖ ಕಂಡಿತು, ಮಠಕ್ಕೆ ಹೋದಾಗ ಪಕ್ಕದಲ್ಲಿ ಕೂರುವ ಹೆಂಗಸರು ದೂರ ಸರಿದು ಕೂರುವುದು ಕಂಡಿತು. ಇವೆಲ್ಲವನ್ನೂ ಎದುರಿಸಲು ಒಬ್ಬಳಿಗೆ ಎಷ್ಟು ಧೈರ್ಯ ಬೇಕೋ ಅಷ್ಟು ತನ್ನಲ್ಲಿ ಇಲ್ಲ ಎಂದು ಅವಳಿಗೆ ಆಗಲೇ ಖಚಿತವಾಯಿತು. ಅವನಲ್ಲೂ ಇಲ್ಲ, ಇದ್ದಿದ್ದರೆ ಅವನು ಆ ದಿನ ಬಸ್ಸಿಗೆ ಹೋಗುತ್ತಿರಲಿಲ್ಲ.

"ಆವತ್ತು ನಿಮ್ಮನ್ನ ಕಳಿಸಬಾರದಿತ್ತು" ಎಂದಳು. ಗಾಡಿಯ ಸದ್ದಿನಲ್ಲಿ ಅವನಿಗೆ ಕೇಳಿಸಿತೋ ಇಲ್ಲವೋ ಎಂದು ತಲೆಯೆತ್ತಿದಳು.

ಕೇಳಿಸಿತ್ತು. "ನಾನೂ ಹೋಗಬಾರದಿತ್ತು" ಎಂದ ಅವನು.

ಚಿಮಣಿಗಳು ಕಾಣತೊಡಗಿದವು. ಜನ ಗಂಟು ಎತ್ತಿಕೊಳ್ಳುತ್ತ ಎದ್ದು ನಿಂತರು.

ಭದ್ರಾವತಿಯ ಸ್ಟೇಷನ್ನಿನ ಹೊರಗೆ ಜಟಕಾಗಳು ನಿಂತಿದ್ದವು. ಸೈಕಲ್ಲಿನಲ್ಲಿ ಕಾರ್ಖಾನೆಯ ಜನ ಗುಂಪುಗುಂಪಾಗಿ ಹೋಗುತ್ತಿದ್ದರು. ತಮಿಳು, ತೆಲುಗು, ಉರ್ದು ಎಲ್ಲ ಒಟ್ಟಿಗೆ ಕೇಳುತ್ತಿತ್ತು. ರಾಮಚಂದ್ರಪ್ಪ ಕೇಳಿದ, "ನೀವು ಹೋಗಬೇಕಾದ್ದು ಎಲ್ಲಿಗೆ?"

"ಹಳೇ ಊರಲ್ಲಿ ನಮ್ಮ ಯಜಮಾನರ ಕಡೆಯವರು ಇದ್ದಾರೆ" ಎಂದಳು. ಅಂಥವರು ಯಾರೂ ಇರಲಿಲ್ಲ.

ಅವನು ಅದನ್ನು ನಂಬಿದನೋ, ನಂಬಿದಂತೆ ಇದ್ದನೋ. ಹಳೇ ಊರಿಗೆ ಹೋಗುವ ದಾರಿ ತೋರಿಸಿದ. ಮಧ್ಯಾಹ್ನ ವಾಪಸು ಹೋಗುವ ಗಾಡಿ ಯಾವಾಗ ಬರುತ್ತದೆಂದು ಹೇಳಿದ. ತಾನು ಸಂಜೆಯ ಗಾಡಿಗೆ ಬರುವವನು ಎಂದೂ ಹೇಳಿದ. ಆಮೇಲೆ ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡ.

"ಬರ್ತೀನಿ. ಆರೋಗ್ಯ ನೋಡ್ಕೊಳಿ" ಎಂದ.

"ನೀವೂ. ಕಾಡಲ್ಲಿ ಜ್ವರಗಿರ ಬಂದ್ರೆ ಸುಮ್ಮನೆ ಇರಬೇಡಿ."

ಅವನು ತಲೆಯಾಡಿಸಿ ಮಿಲ್ಲಿನ ಕಡೆಗೆ ನಡೆದ. ಅವನು ಮರೆಯಾಗುವವರೆಗೆ ಶಂಕರಮ್ಮ ಹಳೇ ಊರಿನ ದಾರಿಯಲ್ಲಿ ಮೆಲ್ಲಗೆ ನಡೆದಳು. ಒಂದು ಅಂಗಡಿಯ ಮುಂದೆ ನಿಂತು ಹಿಂತಿರುಗಿ ನೋಡಿದಾಗ ಬರಿಯ ಸೈಕಲ್ಲುಗಳು ಕಂಡವು. ಮುಂದೆ ಹೋಗಿ ಭದ್ರೆಯ ದಡದಲ್ಲಿ ಕಲ್ಲಿನ ಮೇಲೆ ಕೂತಳು. ಅಲ್ಲಿ ಒಬ್ಬ ಅಗಸ ಕತ್ತೆಯ ಮೇಲಿಂದ ಮೂಟೆ ಇಳಿಸುತ್ತಿದ್ದ. ಅವನು ತನ್ನ ಕೆಲಸ ನೋಡಿಕೊಂಡ. ಅವಳು ಅಲ್ಲಿ ಅತ್ತಳು, ಬಹಳ ಹೊತ್ತೇನಲ್ಲ. ಮುಖ ತೊಳೆದುಕೊಂಡು ಪೇಟೆಯಲ್ಲಿ ಸುತ್ತಾಡಿದಳು, ಒಂದು ಹಣಿಗೆ ಕೊಂಡಳು. ಗೇಟಿನ ಬಳಿಯ ಇಡ್ಲಿ ಮುದುಕಿಯನ್ನು ನೋಡಬೇಕೆಂದಿದ್ದಳು, ಆದರೆ ಆ ಕಡೆಗೆ ಹೋಗಲು ಮನಸ್ಸಾಗಲಿಲ್ಲ.

ಮಧ್ಯಾಹ್ನದ ಗಾಡಿಗೆ ಹೆಂಗಸರ ಡಬ್ಬಿಯಲ್ಲಿ ಕೂತು ವಾಪಸು ಬಂದಳು.

ಇಳಿಬಿಸಿಲಿನಲ್ಲಿ ಬೀಗ ತೆಗೆಯುತ್ತಿದ್ದಾಗ ಜಲಜಮ್ಮ ಕೊಡ ಹಿಡಿದು ಬಂದಳು. ಇಳಕಲ್ ಸೀರೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಎಲ್ಲಿಗೆ ಹೋಗಿದ್ದೆ ಮಾರಾಯ್ತಿ? ಬೆಳಗ್ಗೆಯಿಂದ ಬೀಗ."

"ಭದ್ರಾವತಿಗೆ."

"ಯಾರಿದ್ದಾರೆ ಅಲ್ಲಿ?"

"ಯಾರೂ ಇಲ್ಲ. ಊರು ನೋಡ್ಕೊಂಡು ಬರೋಣ ಅಂತ ಹೋಗಿದ್ದೆ."

ಜಲಜಮ್ಮ ಕೊಡವನ್ನು ಕೆಳಗಿಟ್ಟು ಜಗಲಿಯ ಮೇಲೆ ಕೂತಳು. "ನಾನೂ ನೋಡಿಲ್ಲ. ಹೆಂಗಿದೆ?" ಎಂದಳು.

ಶಂಕರಮ್ಮ ಅವಳ ಪಕ್ಕದಲ್ಲಿ ಕೂತು ಹೇಳತೊಡಗಿದಳು. ಚಿಮಣಿಗಳು ಎಷ್ಟು ಎತ್ತರ, ಜನ ಎಷ್ಟು ಭಾಷೆ ಆಡುತ್ತಾರೆ, ಪೇಟೆಯಲ್ಲಿ ಏನೇನು ಸಿಗುತ್ತದೆ. ಕಂಡದ್ದು ಮುಗಿದ ಮೇಲೆ ಕಾಣದ್ದನ್ನೂ ಹೇಳಿದಳು. ಕಬ್ಬಿಣ ಕರಗುವಾಗ ಆಕಾಶ ಹೇಗೆ ಕೆಂಪಾಗುತ್ತದೆ ಎಂಬುದನ್ನು ಹೇಳಿದಳು. ಜಲಜಮ್ಮ, "ಹಗಲಲ್ಲೂ ಕಾಣ್ತದಾ?" ಎಂದು ಕೇಳಿದಳು. ಶಂಕರಮ್ಮ ಸ್ವಲ್ಪ ಯೋಚಿಸಿ, "ಇಲ್ಲ, ಅದು ರಾತ್ರಿಗೆ" ಎಂದಳು.

ಕತ್ತಲಾಗುವ ಹೊತ್ತಿಗೆ ಜಲಜಮ್ಮ ನೀರು ತುಂಬಿಸಿಕೊಂಡು ಹೋದಳು. ಬೀರೂರಿನಿಂದ ಬರುವ ಸಂಜೆಯ ಗಾಡಿಯ ಶಿಳ್ಳೆ ಸೇತುವೆಯ ಆಚೆ ಕೇಳಿತು. ಶಂಕರಮ್ಮ ಬಾಗಿಲು ಮುಂದೆ ಮಾಡಿ ಒಳಗೆ ಹೋಗಿ, ಸೀರೆ ಬದಲಾಯಿಸಿ, ಅನ್ನಕ್ಕೆ ಇಟ್ಟಳು.